ಉಳಿತಾಯ ಖಾತೆಯ ಬಡ್ಡಿ ಇಳಿದುದನ್ನೂ ಖಾತೆಯನ್ನು ತಡೆಹಿಡಿದುದನ್ನೂ ಬ್ಯಾಂಕು ನಮಗೆ ಹೇಗೆ ತಿಳಿಸಬೇಕು?

ಪ್ರಶ್ನೆ: ಬದಿಯಡ್ಕದ ಓದುಗ

ಕಾಸರಗೋಡು ಜಿಲ್ಲೆಯ ಶಾಖೆಗಳಲ್ಲಿ ವ್ಯವಹರಿಸುವ ಕನ್ನಡಿಗರಿಂದ, ಮುಖ್ಯವಾಗಿ ಬ್ಯಾಂಕಿನಲ್ಲಿ ಕೆಲಸ ಮಾಡಿದ ಅನುಭವವುಳ್ಳವರಿಂದ, ಎರಡು ವಿಷಯಗಳಲ್ಲಿ ಸ್ಪಷ್ಟವಾದ ಮಾಹಿತಿ ಬೇಕಾಗಿದೆ.

ನನ್ನ ತಾಯಿಯವರಿಗೆ ಎಪ್ಪತ್ತು ವರ್ಷ ದಾಟಿದೆ. ಒಂದು ರಾಷ್ಟ್ರೀಕೃತ ಬ್ಯಾಂಕಿನ ಸ್ಥಳೀಯ ಶಾಖೆಯಲ್ಲಿ ಅವರ ಉಳಿತಾಯ ಖಾತೆ ಬಹುಕಾಲದಿಂದ ಇದೆ; ಕುಟುಂಬ ಪಿಂಚಣಿಯೂ ಅಡಿಕೆ ಮಾರಿದ ಹಣವೂ ಅದಕ್ಕೇ ಜಮೆಯಾಗುತ್ತವೆ. ಇತ್ತೀಚೆಗೆ ಹಣ ತೆಗೆಯಲು ಹೋದಾಗ, ಕೆವೈಸಿ (ಗ್ರಾಹಕರ ಗುರುತು ಮತ್ತು ವಿಳಾಸದ ದಾಖಲೆ) ನವೀಕರಿಸದ ಕಾರಣ ಖಾತೆಯನ್ನು ತಡೆಹಿಡಿಯಲಾಗಿದೆ ಎಂದು ಕೌಂಟರಿನಲ್ಲಿ ಹೇಳಿದರು. ಮುಂಚಿತವಾಗಿ ತಿಳಿಸಿಲ್ಲವಲ್ಲ ಎಂದು ಕೇಳಿದ್ದಕ್ಕೆ ಮೊಬೈಲಿಗೆ ಸಂದೇಶ ಕಳುಹಿಸಲಾಗಿದೆ ಎಂಬ ಉತ್ತರ ಬಂತು. ಮನೆಗೆ ಬಂದು ಹುಡುಕಿದಾಗ, ಸಾಲ ಮತ್ತು ವಿಮೆಯ ಜಾಹೀರಾತುಗಳ ನಡುವೆ ಇಂಗ್ಲಿಷಿನ ಒಂದು ಸಂದೇಶ ಕಂಡಿತು. ಶಾಖೆಯ ಗೋಡೆಯ ಮೇಲಿನ ಪ್ರಕಟಣೆ ಮಲಯಾಳ ಮತ್ತು ಇಂಗ್ಲಿಷಿನಲ್ಲಿದೆ. ತಾಯಿಯವರು ಕನ್ನಡ ಶಾಲೆಯಲ್ಲಿ ಕಲಿತವರು. ಮಲಯಾಳದಲ್ಲಿ ಮಾತನಾಡಿದರೆ ಅರ್ಥವಾಗುತ್ತದೆ, ಆದರೆ ಅದರ ಲಿಪಿಯನ್ನು ಓದಲಾರರು. ಅಂಚೆಯಲ್ಲಿ ಯಾವ ಪತ್ರವೂ ಬಂದಿಲ್ಲ.

ಅದೇ ದಿನ ಪಾಸ್‌ಬುಕ್ ಮುದ್ರಿಸಿಕೊಂಡಾಗ, ಮೊತ್ತ ಹೆಚ್ಚುಕಡಿಮೆ ಮೊದಲಿನಷ್ಟೇ ಇದ್ದರೂ ಮೂರು ತಿಂಗಳಿಗೊಮ್ಮೆ ಬರುವ ಬಡ್ಡಿ ಗಣನೀಯವಾಗಿ ಇಳಿದಿರುವುದು ಕಂಡುಬಂತು. ಉಳಿತಾಯ ಖಾತೆಗೆ ನೂರಕ್ಕೆ ನಾಲ್ಕು ಎಂದೇ ತಾಯಿಯವರು ಈವರೆಗೆ ನಂಬಿದ್ದರು. ದರ ಇಳಿಸಿದಾಗ ಗ್ರಾಹಕರಿಗೆ ಪ್ರತ್ಯೇಕವಾಗಿ ತಿಳಿಸುವ ಹೊಣೆ ಬ್ಯಾಂಕಿಗೆ ಇಲ್ಲವೇ? ಖಾತೆಯನ್ನು ತಡೆಹಿಡಿಯುವ ಮೊದಲು ಅನುಸರಿಸಬೇಕಾದ ಕ್ರಮ ಯಾವುದು? ಇವೆರಡನ್ನೂ ಕನ್ನಡದಲ್ಲಿ ತಿಳಿಸಿ ಎಂದು ಕೇಳಲು ನಮಗೆ ಯಾವ ಆಧಾರವಿದೆ?

ಉತ್ತರ: ಕುಂಬಳೆಯ ನಿವೃತ್ತ ಬ್ಯಾಂಕ್ ಅಧಿಕಾರಿ

ಬಡ್ಡಿಯ ವಿಷಯವನ್ನು ನಾನು ವಿವರಿಸುತ್ತೇನೆ. ಕೆವೈಸಿ ಕುರಿತು ಈಗ ಅದೇ ಕೆಲಸದಲ್ಲಿರುವವರು ಹೇಳುವುದು ಉತ್ತಮ.

ತಮ್ಮ ತಾಯಿಯವರ ನಂಬಿಕೆಗೆ ಕಾರಣವಿದೆ. 2011ರ ಅಕ್ಟೋಬರ್ 25ರವರೆಗೆ ಉಳಿತಾಯ ಖಾತೆಯ ಬಡ್ಡಿದರವನ್ನು ರಿಸರ್ವ್ ಬ್ಯಾಂಕೇ ನಿಗದಿಪಡಿಸುತ್ತಿತ್ತು. 2003ರಿಂದ ಶೇ. 3.5 ಇದ್ದದ್ದು 2011ರ ಮೇ ತಿಂಗಳಲ್ಲಿ ಶೇ. 4ಕ್ಕೆ ಏರಿತು, ಯಾವ ಬ್ಯಾಂಕಿಗೆ ಹೋದರೂ ದರ ಅದೇ ಆಗಿದ್ದುದರಿಂದ ಕೇಳಿ ತಿಳಿಯುವ ಅಗತ್ಯವೇ ಇರಲಿಲ್ಲ. ಆ ಅಕ್ಟೋಬರಿನ ನಂತರ ದರವನ್ನು ಆಯಾ ಬ್ಯಾಂಕೇ ತೀರ್ಮಾನಿಸುತ್ತದೆ. ಒಂದು ಲಕ್ಷ ರೂಪಾಯಿಯವರೆಗಿನ ಮೊತ್ತಕ್ಕೆ ಎಲ್ಲ ಗ್ರಾಹಕರಿಗೂ ಒಂದೇ ದರವಿರಬೇಕು, ಅದಕ್ಕಿಂತ ಹೆಚ್ಚಿನ ಮೊತ್ತಕ್ಕೆ ಬೇರೆ ದರಗಳನ್ನು ಇಡಬಹುದು ಎಂಬುದಷ್ಟೇ ಕಟ್ಟುಪಾಡು. ಹೀಗಾಗಿ ಭಾರತೀಯ ಸ್ಟೇಟ್ ಬ್ಯಾಂಕು 2025ರ ಜೂನ್ 15ರಿಂದ ಶೇ. 2.5ಕ್ಕೆ ಇಳಿಸಿತು, ದೊಡ್ಡ ಖಾಸಗಿ ಬ್ಯಾಂಕುಗಳಲ್ಲಿ ಕೆಲವು ಅದೇ ವರ್ಷ ಅದೇ ಮಟ್ಟಕ್ಕೆ ಬಂದವು. ಆಗಲೂ ಅಂಚೆ ಕಚೇರಿಯ ಉಳಿತಾಯ ಖಾತೆಯಲ್ಲಿ ಶೇ. 4 ಹಾಗೆಯೇ ಇತ್ತು. ಖಾತೆಯಲ್ಲಿ ವರ್ಷವಿಡೀ ಎರಡು ಲಕ್ಷ ರೂಪಾಯಿ ಇದ್ದರೆ ಶೇ. 4ರಂತೆ 8,000 ರೂಪಾಯಿ ಬರುತ್ತಿದ್ದಲ್ಲಿ ಶೇ. 2.5ರಂತೆ 5,000 ರೂಪಾಯಿ ಬರುತ್ತದೆ. ಪಿಂಚಣಿಯನ್ನು ನಂಬಿದ ಮನೆಗೆ ಈ ಮೂರು ಸಾವಿರ ಸಣ್ಣ ಮೊತ್ತವಲ್ಲ.

ಇಳಿಕೆಯನ್ನು ಪ್ರತಿಯೊಬ್ಬರಿಗೂ ಪತ್ರದ ಮೂಲಕ ತಿಳಿಸಬೇಕೇ ಎಂಬುದು ತಮ್ಮ ಪ್ರಶ್ನೆ. ಬ್ಯಾಂಕು ಮುಂಚಿತವಾಗಿ ಪ್ರಕಟಿಸಿದ ದರಪಟ್ಟಿಯಂತೆಯೇ ಬಡ್ಡಿ ಕೊಡಬೇಕು ಎಂಬುದು ನಿಯಮ. ಪಟ್ಟಿಯನ್ನು ಜಾಲತಾಣದಲ್ಲಿ ಮತ್ತು ಶಾಖೆಯಲ್ಲಿ ಪ್ರಕಟಿಸಿದರೆ ಬ್ಯಾಂಕಿನ ದೃಷ್ಟಿಯಲ್ಲಿ ತಿಳಿಸುವ ಕೆಲಸ ಮುಗಿಯಿತು. ನಿಶ್ಚಿತ ಠೇವಣಿಯಲ್ಲಾದರೆ ರಸೀದಿಯಲ್ಲಿ ಬರೆದ ದರ ಅವಧಿ ಮುಗಿಯುವವರೆಗೂ ಬದಲಾಗುವುದಿಲ್ಲ. ಉಳಿತಾಯ ಖಾತೆಗೆ ಅಂತಹ ಭರವಸೆಯಿಲ್ಲ. ಇದರಲ್ಲಿ ನನಗೆ ಸೇವೆಯಲ್ಲಿದ್ದಾಗಲೂ ಸರಿಯೆನಿಸದ ಒಂದು ಅಂಶವಿದೆ. ಕನಿಷ್ಠ ಮೊತ್ತ ಉಳಿಸದ ಖಾತೆಗೆ ದಂಡ ಹಾಕುವ ಮೊದಲು ಗ್ರಾಹಕನಿಗೆ ಸಂದೇಶ, ಮಿಂಚಂಚೆ ಅಥವಾ ಪತ್ರದ ಮೂಲಕ ತಿಳಿಸಿ, ಮೊತ್ತವನ್ನು ಸರಿಪಡಿಸಲು ಒಂದು ತಿಂಗಳ ಅವಕಾಶ ಕೊಡಬೇಕೆಂಬ ನಿಯಮ 2015ರ ಏಪ್ರಿಲ್‌ನಿಂದ ಇದೆ. ಖಾತೆಯಿಂದ ನೂರು ರೂಪಾಯಿ ಕಳೆಯುವಾಗ ಹೆಸರು ಹಿಡಿದು ತಿಳಿಸಬೇಕು ಎಂದ ಮೇಲೆ, ಖಾತೆಗೆ ಸೇರಬೇಕಾದ ಬಡ್ಡಿ ಸಾವಿರಗಟ್ಟಲೆ ಕಡಿಮೆಯಾಗುವಾಗಲೂ ಅದೇ ರೀತಿ ತಿಳಿಸುವುದು ನ್ಯಾಯ. ಮೊಬೈಲ್ ಸಂದೇಶ ಕಳುಹಿಸುವ ವ್ಯವಸ್ಥೆ ಎಲ್ಲ ಬ್ಯಾಂಕುಗಳಲ್ಲಿಯೂ ಇರುವಾಗ ಇದಕ್ಕೆ ತಗಲುವ ವೆಚ್ಚವನ್ನು ಮುಂದೊಡ್ಡುವುದು ಸರಿಯಾಗದು.

ಪಾಸ್‌ಬುಕ್ಕಿನ ಬಗ್ಗೆಯೂ ಒಂದು ಮಾತು. 2010ರ ಏಪ್ರಿಲ್ 1ರಿಂದ ಉಳಿತಾಯ ಖಾತೆಯ ಬಡ್ಡಿಯನ್ನು ಪ್ರತಿದಿನದ ಶಿಲ್ಕಿನ ಮೇಲೆ ಲೆಕ್ಕ ಹಾಕಲಾಗುತ್ತದೆ. ಅದಕ್ಕೂ ಮೊದಲು ತಿಂಗಳ ಹತ್ತನೆಯ ತಾರೀಖಿನಿಂದ ಕೊನೆಯ ದಿನದವರೆಗಿನ ಅತಿ ಕಡಿಮೆ ಶಿಲ್ಕಿಗಷ್ಟೇ ಬಡ್ಡಿ ಸಿಗುತ್ತಿತ್ತು. ಆದುದರಿಂದ ಒಂದು ತ್ರೈಮಾಸಿಕದ ಬಡ್ಡಿ ಕಡಿಮೆ ಕಂಡರೆ ದರ ಇಳಿದಿರಬಹುದು, ಇಲ್ಲವೇ ನಡುವೆ ಕೆಲವು ವಾರ ಶಿಲ್ಕು ಕಡಿಮೆ ಇದ್ದಿರಬಹುದು. ಯಾವ ದರದಲ್ಲಿ ಎಷ್ಟು ದಿನಕ್ಕೆ ಲೆಕ್ಕ ಹಾಕಲಾಗಿದೆ ಎಂದು ಶಾಖೆಯಲ್ಲಿ ಕೇಳಬಹುದು. ಪಾಸ್‌ಬುಕ್ಕಿನಲ್ಲಿ ಅರ್ಥವಾಗದ ಸಂಕೇತಗಳನ್ನು ಮುದ್ರಿಸಬಾರದು, ಗ್ರಾಹಕನಿಗೆ ತಿಳಿಯುವಂತೆ ಚುಟುಕಾದ ವಿವರ ಇರಬೇಕು ಎಂದು ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸೂಚಿಸಿದೆ.

ಅಡಿಕೆಯ ಹಣ ಒಟ್ಟಿಗೆ ಬಂದು ತಿಂಗಳುಗಟ್ಟಲೆ ಉಳಿಯುವುದಾದರೆ ಅದರ ಒಂದು ಭಾಗವನ್ನು ನಿಶ್ಚಿತ ಠೇವಣಿಗೆ ಹಾಕುವುದನ್ನು ಯೋಚಿಸಿರಿ. ಹಿರಿಯ ನಾಗರಿಕರಿಗೆ ಠೇವಣಿಯಲ್ಲಿ ಸಾಮಾನ್ಯವಾಗಿ ಅರ್ಧ ಶೇಕಡಾ ಹೆಚ್ಚು ಬಡ್ಡಿ ಇರುತ್ತದೆ.

ಉತ್ತರ: ಉಪ್ಪಳದ ಬ್ಯಾಂಕ್ ಮಿತ್ರ

ಹಳ್ಳಿಗಳಲ್ಲಿ ಬ್ಯಾಂಕಿನ ಪ್ರತಿನಿಧಿಯಾಗಿ ಕೆಲಸ ಮಾಡುವ ನನಗೆ ಇಂತಹ ದೂರುಗಳು ಪದೇ ಪದೇ ಕೇಳಿಬರುತ್ತವೆ. ಹೆಚ್ಚಾಗಿ ಸಿಕ್ಕಿಬೀಳುವವರು ಹಿರಿಯ ಮಹಿಳೆಯರು ಮತ್ತು ಬೀಡಿ ಕಟ್ಟುವವರು. ಏಕೆಂದರೆ ಅವರ ಖಾತೆಗೆ ಕೊಟ್ಟಿರುವ ಮೊಬೈಲ್ ಸಂಖ್ಯೆ ಹಲವು ಸಂದರ್ಭಗಳಲ್ಲಿ ಬೇರೆ ಊರಿನಲ್ಲಿರುವ ಮಗನದೋ ಅಳಿಯನದೋ ಆಗಿರುತ್ತದೆ.

ಗ್ರಾಹಕರನ್ನು ಬ್ಯಾಂಕುಗಳು ಅಪಾಯದ (ಖಾತೆಯ ಮೂಲಕ ಅಕ್ರಮ ಹಣ ಸಾಗುವ ಸಾಧ್ಯತೆಯ) ಪ್ರಮಾಣಕ್ಕನುಸಾರ ಮೂರು ವರ್ಗಗಳಾಗಿ ವಿಂಗಡಿಸುತ್ತವೆ. ಹೆಚ್ಚಿನ ಅಪಾಯದ ವರ್ಗಕ್ಕೆ ಎರಡು ವರ್ಷಕ್ಕೊಮ್ಮೆ, ಮಧ್ಯಮ ವರ್ಗಕ್ಕೆ ಎಂಟು ವರ್ಷಕ್ಕೊಮ್ಮೆ, ಕಡಿಮೆ ಅಪಾಯದ ವರ್ಗಕ್ಕೆ ಹತ್ತು ವರ್ಷಕ್ಕೊಮ್ಮೆ ಕೆವೈಸಿ ನವೀಕರಣವಾಗಬೇಕು. ರಿಸರ್ವ್ ಬ್ಯಾಂಕು 2025ರ ಜೂನ್‌ನಲ್ಲಿ ತಂದ ತಿದ್ದುಪಡಿ ತಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ್ದು. ಅದರಂತೆ ಗಡುವಿನ ಮೊದಲು ಕನಿಷ್ಠ ಮೂರು ಸಲ ಗ್ರಾಹಕರಿಗೆ ತಿಳಿಸಬೇಕು ಮತ್ತು ಅವುಗಳಲ್ಲಿ ಒಂದಾದರೂ ಅಂಚೆಯ ಪತ್ರವಾಗಿರಬೇಕು. ಗಡುವು ಮುಗಿದ ಮೇಲೆಯೂ ಕನಿಷ್ಠ ಮೂರು ಸಲ ನೆನಪಿಸಬೇಕು, ಅವುಗಳಲ್ಲಿಯೂ ಒಂದು ಪತ್ರವಿರಬೇಕು. ನವೀಕರಣ ಹೇಗೆ ಮಾಡಬೇಕು, ತೊಡಕಾದರೆ ಯಾರನ್ನು ಕೇಳಬೇಕು ಎಂಬುದನ್ನು ಸುಲಭವಾಗಿ ಅರ್ಥವಾಗುವಂತೆ ಆ ಪತ್ರದಲ್ಲಿ ಬರೆಯಬೇಕು, ಕಳುಹಿಸಿದ ದಾಖಲೆಯನ್ನು ಬ್ಯಾಂಕು ಇಟ್ಟುಕೊಳ್ಳಬೇಕು. ಆದುದರಿಂದ ಸಂದೇಶ ಕಳುಹಿಸಿದ್ದೇವೆ ಎಂಬ ಉತ್ತರ ಸಾಲದು. ಪತ್ರಗಳನ್ನು ಯಾವ ದಿನಾಂಕದಂದು, ಯಾವ ವಿಳಾಸಕ್ಕೆ ಕಳುಹಿಸಲಾಯಿತು ಎಂದು ತಾವು ಲಿಖಿತವಾಗಿ ಕೇಳಬೇಕು. ಹಳೆಯ ಮನೆ ಸಂಖ್ಯೆಗೋ ಬದಲಾದ ಪಂಚಾಯತ್ ವಾರ್ಡಿಗೋ ಹೋದ ಪತ್ರ ಹಿಂದಿರುಗಿದ್ದರೆ ಅದೂ ಆಗ ತಿಳಿಯುತ್ತದೆ.

ಕಡಿಮೆ ಅಪಾಯದ ವರ್ಗದ ವ್ಯಕ್ತಿಗಳಿಗೆ, ಗಡುವಿನಿಂದ ಒಂದು ವರ್ಷದವರೆಗೆ ಅಥವಾ 2026ರ ಜೂನ್ 30ರವರೆಗೆ, ಇವೆರಡರಲ್ಲಿ ಯಾವುದು ತಡವೋ ಅಲ್ಲಿಯ ತನಕ, ಎಲ್ಲ ವ್ಯವಹಾರಗಳಿಗೂ ಅವಕಾಶ ಕೊಡಬೇಕು ಎಂದು ಅದೇ ತಿದ್ದುಪಡಿ ಹೇಳುತ್ತದೆ. ಇಲ್ಲೊಂದು ತೊಡಕಿದೆ: ಗ್ರಾಹಕರು ಯಾವ ವರ್ಗದಲ್ಲಿದ್ದಾರೆ ಎಂಬುದನ್ನು ಬ್ಯಾಂಕು ಗೋಪ್ಯವಾಗಿಡಬೇಕು, ಅವರಿಗೂ ಹೇಳುವಂತಿಲ್ಲ. ಆದರೂ ಪಿಂಚಣಿ ಮತ್ತು ಕೃಷಿಯ ಹಣವಷ್ಟೇ ಬರುವ ಹಿರಿಯರ ಖಾತೆ ಸಾಮಾನ್ಯವಾಗಿ ಕಡಿಮೆ ಅಪಾಯದ ವರ್ಗಕ್ಕೇ ಸೇರುತ್ತದೆ. ಆದ್ದರಿಂದ ವರ್ಗ ಯಾವುದೆಂದು ಕೇಳುವುದನ್ನು ಬಿಟ್ಟು, ಯಾವ ನಿಯಮದಡಿ ಯಾವ ದಿನಾಂಕದಿಂದ ತಡೆಯಲಾಗಿದೆ ಎಂದು ಕೇಳಿರಿ.

ಹೆಸರು, ವಿಳಾಸ ಮೊದಲಿನಂತೆಯೇ ಇದ್ದರೆ ಹೊಸ ದಾಖಲೆ ಬೇಡ, ಬದಲಾವಣೆಯಿಲ್ಲ ಎಂಬ ಸ್ವಘೋಷಣೆ ಸಾಕು. ಅದನ್ನು ನೋಂದಾಯಿತ ಮೊಬೈಲ್, ಮಿಂಚಂಚೆ, ಎಟಿಎಂ ಅಥವಾ ಪತ್ರದ ಮೂಲಕ ಕೊಡಬಹುದು. 2025ರ ತಿದ್ದುಪಡಿಯ ನಂತರ ಬ್ಯಾಂಕು ಒಪ್ಪಿಗೆ ಕೊಟ್ಟಿದ್ದರೆ ನಮ್ಮಂತಹ ಪ್ರತಿನಿಧಿಗಳೂ ಸ್ವೀಕರಿಸಬಹುದು. ನಮ್ಮ ಊರುಗಳಲ್ಲಿ ಕೆಲಸ ನಿಲ್ಲುವುದು ಹೆಚ್ಚಾಗಿ ಹೆಸರಿನ ಕಾಗುಣಿತದಲ್ಲಿ. ಪಾಸ್‌ಬುಕ್ಕಿನಲ್ಲಿ ಒಂದು ರೀತಿ, ಮಲಯಾಳ ಮತ್ತು ಇಂಗ್ಲಿಷಿನಲ್ಲಿ ಮುದ್ರಿತವಾದ ಆಧಾರ್ ಚೀಟಿಯಲ್ಲಿ ಇನ್ನೊಂದು ರೀತಿ ಇರುತ್ತದೆ, ತರವಾಡಿನ (ಮನೆತನದ) ಹೆಸರು ಒಂದರಲ್ಲಿದ್ದು ಮತ್ತೊಂದರಲ್ಲಿ ಬಿಟ್ಟುಹೋಗಿರುತ್ತದೆ. ಮೊದಲು ಕೇರಳ ಸರಕಾರದ ಇ-ಸೇವಾ ಕೇಂದ್ರವಾದ ಅಕ್ಷಯ ಕೇಂದ್ರದಲ್ಲಿ ಅದನ್ನು ಸರಿಪಡಿಸಿಕೊಂಡರೆ ಶಾಖೆಗೆ ಅಲೆಯುವುದು ತಪ್ಪುತ್ತದೆ.

ತಾಯಿಯವರಿಗೆ ಎಪ್ಪತ್ತು ದಾಟಿರುವುದರಿಂದ ಇನ್ನೊಂದು ಸೌಲಭ್ಯವನ್ನೂ ಕೇಳಬಹುದು. ಎಪ್ಪತ್ತು ಮೀರಿದವರಿಗೆ ಮತ್ತು ಅಶಕ್ತರಿಗೆ ಮನೆಬಾಗಿಲಿನಲ್ಲಿಯೇ ಹಣ ಕೊಡುವ, ಕೆವೈಸಿ ದಾಖಲೆಗಳನ್ನೂ ಜೀವಿತ ಪ್ರಮಾಣಪತ್ರವನ್ನೂ ಪಡೆಯುವ ವ್ಯವಸ್ಥೆಗೆ ಬ್ಯಾಂಕುಗಳು ಪ್ರಯತ್ನಿಸಬೇಕೆಂದು ರಿಸರ್ವ್ ಬ್ಯಾಂಕು 2017ರ ನವೆಂಬರ್‌ನಲ್ಲಿ ಸೂಚಿಸಿತ್ತು. ಕೇಳುವವರಿಲ್ಲದ ಕಡೆ ಇದು ಜಾರಿಗೆ ಬರುವುದಿಲ್ಲ.

ಉತ್ತರ: ಕಾಸರಗೋಡಿನ ವಕೀಲೆ

ಭಾಷೆಯ ಪ್ರಶ್ನೆಯನ್ನು ಸ್ವಲ್ಪ ಎಚ್ಚರದಿಂದ ನೋಡಬೇಕು. ನಮ್ಮ ಜಿಲ್ಲೆಯಲ್ಲಿ ಈ ಬಗ್ಗೆ ಉತ್ಸಾಹದಿಂದ ಮಾತನಾಡುವವರು ಹಲವು ಸಲ ತಪ್ಪು ಕಾನೂನನ್ನು ಹಿಡಿದುಕೊಳ್ಳುತ್ತಾರೆ.

ಕೇರಳದ 1969ರ ಅಧಿಕೃತ ಭಾಷಾ ಶಾಸನ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ರಾಜ್ಯ ಸರಕಾರದೊಂದಿಗೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ನಡೆಸುವ ಮತ್ತು ಅದೇ ಭಾಷೆಯಲ್ಲಿ ಉತ್ತರ ಪಡೆಯುವ ಹಕ್ಕನ್ನು ನೀಡುತ್ತದೆ. ಗ್ರಾಮ ಕಚೇರಿಯಲ್ಲಿ, ತಾಲೂಕು ಕಚೇರಿಯಲ್ಲಿ ಅದನ್ನು ಎತ್ತಿ ಹಿಡಿಯಬಹುದು. ಬ್ಯಾಂಕು ರಾಜ್ಯ ಸರಕಾರದ ಕಚೇರಿಯಲ್ಲ, ಆದ್ದರಿಂದ ಆ ಶಾಸನ ಅಲ್ಲಿ ನೆರವಿಗೆ ಬರುವುದಿಲ್ಲ. ಬ್ಯಾಂಕಿಗೆ ಅನ್ವಯಿಸುವುದು ರಿಸರ್ವ್ ಬ್ಯಾಂಕಿನ ತ್ರಿಭಾಷಾ ಸೂಚನೆ: ಖಾತೆ ತೆರೆಯುವ ಅರ್ಜಿ, ಹಣ ಕಟ್ಟುವ ಚೀಟಿ, ಪಾಸ್‌ಬುಕ್ ಮೊದಲಾದ ಮುದ್ರಿತ ಸಾಮಗ್ರಿ ಇಂಗ್ಲಿಷ್, ಹಿಂದಿ ಮತ್ತು ಸಂಬಂಧಪಟ್ಟ ಪ್ರಾದೇಶಿಕ ಭಾಷೆಯಲ್ಲಿರಬೇಕು. ಕೇರಳದ ಶಾಖೆ ಎಂದಾಕ್ಷಣ ಪ್ರಾದೇಶಿಕ ಭಾಷೆಯ ಜಾಗದಲ್ಲಿ ಮಲಯಾಳ ಕುಳಿತುಕೊಳ್ಳುತ್ತದೆ. 1956ರ ನವೆಂಬರ್ 1ರಂದು ಗಡಿ ಗೆರೆ ಎಳೆದು ಕಾಸರಗೋಡನ್ನು ಕೇರಳಕ್ಕೆ ಸೇರಿಸಿದ ಮೇಲೆ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯದ ಕನ್ನಡ ಓದುಗರು ರಾಜ್ಯವನ್ನು ಅಳತೆಗೋಲಾಗಿಸಿದ ಇಂತಹ ಪ್ರತಿಯೊಂದು ಸೂಚನೆಯಲ್ಲೂ ಹೊರಗುಳಿಯುತ್ತಾರೆ. ಆದರೆ ಮೂರು ಭಾಷೆಗಳ ಜೊತೆಗೆ ನಾಲ್ಕನೆಯದನ್ನು ಸೇರಿಸಬಾರದು ಎಂದು ಆ ಸೂಚನೆ ಹೇಳಿಲ್ಲ. ಶಾಖೆಯ ವ್ಯಾಪ್ತಿಯ ಗ್ರಾಹಕರು ಯಾವ ಲಿಪಿಯನ್ನು ಓದುತ್ತಾರೆ ಎಂಬುದನ್ನು ಗಮನಿಸಿ ಕನ್ನಡದಲ್ಲಿಯೂ ಪ್ರಕಟಣೆ ಹಾಕಲು ಬ್ಯಾಂಕಿಗೆ ಪೂರ್ಣ ಸ್ವಾತಂತ್ರ್ಯವಿದೆ. ತಲಪಾಡಿಯ ಆಚೆ, ಕರ್ನಾಟಕದಲ್ಲಿ, ಅದೇ ಬ್ಯಾಂಕಿನ ಶಾಖೆಗಳಲ್ಲಿ ಕನ್ನಡದ ಅರ್ಜಿ ನಮೂನೆಗಳು ಮುದ್ರಿತವಾಗಿಯೇ ಇವೆ. ಹೊಸದಾಗಿ ಅನುವಾದ ಮಾಡಿಸುವ ಕೆಲಸವೂ ಇಲ್ಲ.

ಸಂವಿಧಾನದ 350ನೆಯ ವಿಧಿಯಂತೆ ಯಾವುದೇ ಕುಂದುಕೊರತೆಯ ನಿವಾರಣೆಗಾಗಿ ಒಕ್ಕೂಟದ ಅಥವಾ ರಾಜ್ಯದ ಅಧಿಕಾರಿಗೆ, ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸುವ ಹಕ್ಕು ಎಲ್ಲರಿಗೂ ಇದೆ. ಇದು ಮನವಿ ಸಲ್ಲಿಸುವ ಹಕ್ಕು. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕೆಂದು ವಿಧಿಯಲ್ಲಿ ಬರೆದಿಲ್ಲ. ಖಾಸಗಿ ಬ್ಯಾಂಕಿನ ಮುಂದೆ ಇದನ್ನು ಹೇಳಿ ಪ್ರಯೋಜನವಿಲ್ಲ. ರಾಷ್ಟ್ರೀಕೃತ ಬ್ಯಾಂಕಿಗೆ ಬರೆಯುವಾಗಲೂ ಇದೊಂದನ್ನೇ ನೆಚ್ಚಿಕೊಳ್ಳದೆ, ತಿಳಿಸುವ ಪತ್ರ ಸುಲಭವಾಗಿ ಅರ್ಥವಾಗುವಂತಿರಬೇಕು ಎಂಬ ಕೆವೈಸಿ ತಿದ್ದುಪಡಿಯ ಮಾತನ್ನು ಮುಂದಿಡುವುದು ಹೆಚ್ಚು ಬಲವಾದ ದಾರಿ. ಓದಲಾಗದ ಲಿಪಿಯಲ್ಲಿ ಬಂದ ಪತ್ರ ಅರ್ಥವಾಗುವ ಪತ್ರವಲ್ಲ.

ಕುಂಬಳೆಯ ಹಿರಿಯರು ದರಪಟ್ಟಿ ಪ್ರಕಟಿಸಿದರೆ ಬ್ಯಾಂಕಿನ ಕೆಲಸ ಮುಗಿಯಿತು ಎಂದು ವಿವರಿಸಿದ್ದಾರೆ. ನಿಯಮದ ಮಟ್ಟಿಗೆ ಅದು ನಿಜವಿರಬಹುದು; ಆದರೆ ಪ್ರಕಟಿಸುವುದು ಎಂದರೆ ಯಾರಿಗಾಗಿ ಎಂಬ ಪ್ರಶ್ನೆಯನ್ನು ಶಾಖೆಯ ಮಟ್ಟದಲ್ಲಿ ಬಿಡಬಾರದು. ಇದನ್ನು ಒಬ್ಬೊಬ್ಬರೇ ಮ್ಯಾನೇಜರರ ಮುಂದೆ ಹೇಳಿದರೆ ಅವರು ವರ್ಗವಾಗಿ ಹೋದ ಮೇಲೆ ಮಾತೂ ಹೋಗುತ್ತದೆ. ಜಿಲ್ಲೆಯ ಬ್ಯಾಂಕುಗಳ ಕೆಲಸವನ್ನು ಹೊಂದಿಸುವ ಲೀಡ್ ಬ್ಯಾಂಕ್ ಮ್ಯಾನೇಜರರಿಗೆ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಬ್ಯಾಂಕುಗಳ ಜಿಲ್ಲಾ ಸಮಾಲೋಚನಾ ಸಮಿತಿಗೆ, ಕೆನರಾ ಬ್ಯಾಂಕು ಸಂಚಾಲಕನಾಗಿರುವ ಕೇರಳದ ರಾಜ್ಯ ಮಟ್ಟದ ಬ್ಯಾಂಕರುಗಳ ಸಮಿತಿಗೆ ಒಟ್ಟಾಗಿ ಬರೆದರೆ ಅದು ಕಡತದಲ್ಲಿ ಉಳಿಯುತ್ತದೆ.

ಬ್ಯಾಂಕಿಗೆ ದೂರು ಕೊಟ್ಟು 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ತೃಪ್ತಿಕರವಾಗಿಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ (ಗ್ರಾಹಕರ ದೂರು ಪರಿಹರಿಸುವ ಅಧಿಕಾರಿ) ವ್ಯವಸ್ಥೆಗೆ ಹೋಗಬಹುದು. 2021ರ ನವೆಂಬರ್‌ನಲ್ಲಿ ಈ ವ್ಯವಸ್ಥೆಯನ್ನು ಏಕೀಕರಿಸಿದಾಗ, ಯಾವುದೇ ಭಾಷೆಯಲ್ಲಿ ಬರೆದ ದೂರುಗಳನ್ನು ಸ್ವೀಕರಿಸುವ ಕೇಂದ್ರವನ್ನು ಚಂಡೀಗಢದಲ್ಲಿ ತೆರೆಯಲಾಯಿತು. 14448 ಸಂಖ್ಯೆಯ ಸಹಾಯವಾಣಿ ಕನ್ನಡದಲ್ಲಿಯೂ ಮಾಹಿತಿ ನೀಡುತ್ತದೆ.

ಉತ್ತರ: ಪೆರ್ಲದವರು, ಈಗ ಬೆಂಗಳೂರಿನಲ್ಲಿ

ಮಗನ ಮೊಬೈಲ್ ಸಂಖ್ಯೆಯನ್ನು ಕೊಟ್ಟಿರುವ ಬಗ್ಗೆ ಮೇಲೆ ಹೇಳಿದ್ದು ಬರಿಯ ಅನುಕೂಲದ ಪ್ರಶ್ನೆಯಲ್ಲ. ಖಾತೆಯಿಂದ ನಮ್ಮ ತಪ್ಪೂ ಅರಿವೂ ಇಲ್ಲದೆ ಯಾರೋ ಮೂರನೆಯವರು ಹಣ ತೆಗೆದರೆ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟವರಿಗೆ ನಷ್ಟದ ಹೊಣೆ ಇರುವುದಿಲ್ಲ ಎಂದು ರಿಸರ್ವ್ ಬ್ಯಾಂಕಿನ 2017ರ ಜುಲೈ ಸೂಚನೆ ಹೇಳುತ್ತದೆ. ಆ ಮೂರು ದಿನ ಸಂದೇಶ ಬಂದ ದಿನವನ್ನು ಬಿಟ್ಟು ಎಣಿಕೆಯಾಗುತ್ತದೆ. ಸಂದೇಶ ದೂರದಲ್ಲಿರುವ ಮಗನಿಗೆ ಬಂದು ಅವನು ಅದನ್ನು ನೋಡದಿದ್ದರೆ ಊರಿನಲ್ಲಿರುವ ತಾಯಿಯ ಹಕ್ಕು ಕ್ಷೀಣಿಸುತ್ತದೆ. ಸಾಧ್ಯವಿದ್ದಲ್ಲಿ ತಾಯಿಯವರದೇ ಸಂಖ್ಯೆಯನ್ನು ನೋಂದಾಯಿಸಿ.

ಇದೇ ಕೆವೈಸಿಯ ಹೆಸರಿನಲ್ಲಿ ವಂಚಕರೂ ಸಂದೇಶ ಕಳುಹಿಸುತ್ತಾರೆ ಎಂಬ ಭಯದಿಂದ ಹಲವರು ನಿಜವಾದ ಸಂದೇಶವನ್ನೂ ಅಳಿಸಿಬಿಡುತ್ತಾರೆ. ಹಾಗೆ ಮಾಡುವ ಹಿರಿಯರನ್ನು ದೂರುವಂತಿಲ್ಲ. ಗುರುತಿಸಲು ಕೆಲವು ದಾರಿಗಳಿವೆ. ಬ್ಯಾಂಕಿನ ಅಧಿಕೃತ ಸೇವಾ ಕರೆಗಳು 1600ರಿಂದ ಆರಂಭವಾಗುವ ಸಂಖ್ಯೆಗಳಿಂದ ಬರಬೇಕು. ಬ್ಯಾಂಕುಗಳ ಜಾಲತಾಣಗಳು 2025ರ ಅಕ್ಟೋಬರ್ ಅಂತ್ಯದೊಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂಬ ವಿಳಾಸಕ್ಕೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕು ಆದೇಶಿಸಿತ್ತು, ಆದ್ದರಿಂದ ಬೇರೆ ಕೊನೆಯಿರುವ ಕೊಂಡಿಯನ್ನು ಒತ್ತಬಾರದು. ಸಂದೇಹವಿದ್ದರೆ ಸಂದೇಶದಲ್ಲಿರುವ ಸಂಖ್ಯೆಗೆ ಕರೆ ಮಾಡದೆ ಪಾಸ್‌ಬುಕ್ಕಿನಲ್ಲಿರುವ ಶಾಖೆಯ ಸಂಖ್ಯೆಗೆ ಕರೆ ಮಾಡಿರಿ.

ಪ್ರಶ್ನೆ ಕೇಳಿದವರ ಮರುನುಡಿ

ಎಲ್ಲರಿಗೂ ಕೃತಜ್ಞತೆಗಳು. ಶಾಖೆಗೆ ಕೊಡಲು ತಾಯಿಯವರ ಹೆಸರಿನಲ್ಲಿ ಹೀಗೊಂದು ಅರ್ಜಿ ಬರೆದಿದ್ದೇನೆ, ತಪ್ಪಿದ್ದರೆ ತಿದ್ದಬೇಕೆಂದು ಕೋರುತ್ತೇನೆ.

“ಮಾನ್ಯರೇ, ನನ್ನ ಉಳಿತಾಯ ಖಾತೆಯಿಂದ ಹಣ ತೆಗೆಯುವುದನ್ನು ತಡೆಹಿಡಿದಿರುವುದಾಗಿ ಕೌಂಟರಿನಲ್ಲಿ ತಿಳಿಸಲಾಯಿತು. ಯಾವ ನಿಯಮದಡಿ, ಯಾವ ದಿನಾಂಕದಿಂದ ತಡೆಹಿಡಿಯಲಾಗಿದೆ ಎಂಬುದನ್ನೂ, ಕೆವೈಸಿ ಗಡುವಿನ ಮೊದಲು ಮತ್ತು ಅನಂತರ ನನಗೆ ಅಂಚೆಯ ಮೂಲಕ ಕಳುಹಿಸಿದ ಪತ್ರಗಳ ದಿನಾಂಕ ಮತ್ತು ವಿಳಾಸವನ್ನೂ ಲಿಖಿತವಾಗಿ ತಿಳಿಸಬೇಕು. ನನ್ನ ಹೆಸರು ಮತ್ತು ವಿಳಾಸದಲ್ಲಿ ಯಾವ ಬದಲಾವಣೆಯೂ ಇಲ್ಲವೆಂಬ ಸ್ವಘೋಷಣೆಯನ್ನು ಇದರೊಂದಿಗೆ ಲಗತ್ತಿಸಿದ್ದೇನೆ; ಅದನ್ನು ಸ್ವೀಕರಿಸಿ ಖಾತೆಯನ್ನು ಕೂಡಲೇ ಬಳಕೆಗೆ ಬಿಡಬೇಕು. ಕಳೆದ ಎರಡು ವರ್ಷಗಳಲ್ಲಿ ನನ್ನ ಖಾತೆಗೆ ಅನ್ವಯಿಸಿದ ಬಡ್ಡಿದರಗಳನ್ನು, ಅವು ಬದಲಾದ ದಿನಾಂಕಗಳ ಸಹಿತ ತಿಳಿಸಬೇಕು. ನಾನು ಓದಬಲ್ಲ ಭಾಷೆ ಕನ್ನಡ. ಮುಂದೆ ಕಳುಹಿಸುವ ಪತ್ರಗಳು ಕನ್ನಡದಲ್ಲಿಯೂ ಇರಬೇಕೆಂದು ವಿನಂತಿಸುತ್ತೇನೆ.”

ಇದನ್ನು ಕನ್ನಡದಲ್ಲಿ ಮಾತ್ರ ಕೊಟ್ಟರೆ ಸಾಕೇ ಅಥವಾ ಇಂಗ್ಲಿಷ್ ಪ್ರತಿಯನ್ನೂ ಸೇರಿಸಬೇಕೇ?

ಉತ್ತರ: ಕುಂಬಳೆಯ ನಿವೃತ್ತ ಬ್ಯಾಂಕ್ ಅಧಿಕಾರಿ

ಅರ್ಜಿ ಸರಿಯಾಗಿದೆ. ಕನ್ನಡದ ಪ್ರತಿಗೆ ತಾಯಿಯವರು ಸಹಿ ಹಾಕಲಿ, ಇಂಗ್ಲಿಷ್ ಅನುವಾದವನ್ನು ಅದರ ಹಿಂದೆ ಲಗತ್ತಿಸಿರಿ. ಈಗ ನಮ್ಮ ಶಾಖೆಗಳಿಗೆ ಹೊರರಾಜ್ಯಗಳಿಂದ ಬರುವ ತರುಣ ಸಿಬ್ಬಂದಿಗೆ ಕನ್ನಡವೂ ಮಲಯಾಳವೂ ತಿಳಿದಿರುವುದಿಲ್ಲ, ಅವರಿಗೆ ಕೆಲಸ ಸುಲಭವಾದರೆ ತಮಗೂ ಬೇಗ ಉತ್ತರ ಸಿಗುತ್ತದೆ. ಎರಡನೆಯ ಪ್ರತಿಯ ಮೇಲೆ ಶಾಖೆಯ ಮೊಹರು, ದಿನಾಂಕ ಮತ್ತು ಸ್ವೀಕರಿಸಿದವರ ಸಹಿಯನ್ನು ತಪ್ಪದೆ ಪಡೆಯಿರಿ, ಏಕೆಂದರೆ ವಕೀಲೆಯವರು ಹೇಳಿದ 30 ದಿನಗಳು ಲೆಕ್ಕಕ್ಕೆ ಬರುವುದು ಆ ದಿನಾಂಕದಿಂದ. ಮೊಹರು ಹಾಕಲು ಒಪ್ಪದಿದ್ದರೆ ಅಲ್ಲಿ ವಾದಕ್ಕೆ ನಿಲ್ಲದೆ ಅದೇ ದಿನ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ ರಸೀದಿಯನ್ನು ಇಟ್ಟುಕೊಳ್ಳಿರಿ.